ಬೇಲಿಯೊಳಗಿನ ಇಪ್ಪತ್ತಮೂರು ಹೂವುಗಳು

ನಿಸರ್ಗ ಸಂರಕ್ಷಣಾ ಕಚೇರಿಯ ಮಾನ್ಯ ಮುಖ್ಯಸ್ಥರೇ,

ನೀವು ಕಾಪಾಡಲು ಹೊರಟ ಹೂವನ್ನು ನೀವೇ ಕೊಲ್ಲುತ್ತಿದ್ದೀರಿ. ಅದನ್ನು ಉಳಿಸಿದ ನನ್ನ ಹಸುವಿನ ಮೇಲೆ ನೋಟಿಸು ಕಳಿಸಿದ್ದೀರಿ. ನೇರವಾಗಿ ಬರೆದ ನಾಲ್ಕು ಕಾಗದಗಳಿಗೆ “ತಮ್ಮ ಕಾಳಜಿ ಸ್ವಾಗತಾರ್ಹ” ಎಂಬ ಒಂದೇ ಉತ್ತರ ನಾಲ್ಕು ಸಲ ಬಂದದ್ದರಿಂದ ಈಗ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ಸ್ಮೋಲಾಂಡ್ ಸೀಮೆಯ ನಮ್ಮ ಊರ ಹುಲ್ಲುಗಾವಲಿನಲ್ಲಿ ಜೆಂಟಿಯನ್ ಎಂಬ ಗೇಣುದ್ದದ ನೇರಳೆ ಹೂವು ನನ್ನಜ್ಜಿಯ ಕಾಲದಿಂದಲೂ ಇತ್ತು. ಅದಕ್ಕೆ ನಾವು ಮಾಡಿದ ಘನಸೇವೆ ಏನು? ಬೀಜ ಬಲಿಯುವವರೆಗೆ ಕಾದು ಉದ್ದ ಹಿಡಿಯ ಕುಡುಗೋಲಿನಿಂದ ಹುಲ್ಲು ಕೊಯ್ಯುತ್ತಿದ್ದೆವು. ಅಲ್ಲೇ ಒಣಗಿಸಿ, ಕೊಡವಿ, ಆಮೇಲೆ ಹಸುಗಳನ್ನು ಬಿಡುತ್ತಿದ್ದೆವು. ಅವು ತುಳಿದು ಕೆದರಿದ ಮಣ್ಣಿನಲ್ಲಿ ಬೀಜ ಮೊಳೆಯುತ್ತಿತ್ತು. ಇದಕ್ಕೆ ಸಂರಕ್ಷಣೆ ಎಂಬ ದೊಡ್ಡ ಹೆಸರಿದೆಯೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ.

ಆರು ವರ್ಷದ ಹಿಂದೆ ತಾವು ದಯಮಾಡಿಸಿದಿರಿ. ಬೇಲಿ ಬಂತು, ಹೂವಿನ ಚಿತ್ರದ ಬೋರ್ಡು ಬಂತು, ಕುಡುಗೋಲಿಗೂ ಹಸುವಿಗೂ ನಿಷೇಧ ಬಂತು. ಹುಲ್ಲು ಸೊಂಟದವರೆಗೆ ಬೆಳೆದು, ಅದರ ನಡುವೆ ಬರ್ಚ್ ಮರದ ಸಸಿಗಳು ಎದ್ದವು. ಮೂರನೆಯ ಬೇಸಿಗೆಗೆ ಒಂದೇ ಒಂದು ಜೆಂಟಿಯನ್ ಇರಲಿಲ್ಲ, ದುಂಬಿಗಳೂ ಬರುವುದನ್ನು ಬಿಟ್ಟವು. ಬೋರ್ಡಿನ ಮೇಲಿನದು ಮಾತ್ರ ವರ್ಷವಿಡೀ ಅರಳಿಕೊಂಡಿತ್ತು, ಅದನ್ನು ಒಪ್ಪಿಕೊಳ್ಳಲೇಬೇಕು.

ಎರಡು ವರ್ಷದ ಹಿಂದೆ, ಚಳಿ ಶುರುವಾಗುವ ಮುನ್ನ, ನನ್ನ ಹಸು ಸ್ಟೀನಾ ಬೇಲಿ ಮುರಿದು ಒಳಗೆ ಹೋದಳು. ಮೂರು ದಿನ ಮೇದಳು, ತುಳಿದಳು. ಪಕ್ಕದ ಮನೆಯ ಆಲ್ಗೊಟ್ ಹೊಟ್ಟೆ ಹಿಡಿದುಕೊಂಡು ನಕ್ಕ: “ಸಿಗ್ನೆ, ಹಸೂಗೆ ಓದೋದು ಕಲಿಸಬಾರ್ದಿತ್ತಾ? ಬೋರ್ಡ್ ನೋಡಿ ವಾಪಸ್ ಬರ್ತಿತ್ತು ಕಣೇ!”

ಈ ಜುಲೈಯಲ್ಲಿ, ಅವಳು ತುಳಿದ ಅಷ್ಟೇ ಜಾಗದಲ್ಲಿ, ಮಣ್ಣಿನೊಳಗೆ ಮಲಗಿದ್ದ ಹಳೆಯ ಬೀಜದಿಂದ ಇಪ್ಪತ್ತಮೂರು ಜೆಂಟಿಯನ್ ಅರಳಿದವು. ನಾನು ಮಂಡಿಯೂರಿ ಅತ್ತೆ. ಎಪ್ಪತ್ತೊಂದರ ವಯಸ್ಸಿನಲ್ಲಿ ನಾಚಿಕೆಯೇನು?

ನಿಮ್ಮ ಪರಿವೀಕ್ಷಕಿ ಬಂದರು. “ನೋಡಿದ್ರಾ ಅಜ್ಜಿ, ಬೇಲಿ ಹಾಕಿದ್ದು ಎಷ್ಟು ಒಳ್ಳೇದಾಯ್ತು!”

“ಬೇಲಿ ಇಡೀ ಹುಲ್ಲುಗಾವಲಿಗೇ ಇದೆಯಲ್ಲಮ್ಮಾ, ಹಸು ತುಳಿದ ಕಡೆ ಮಾತ್ರ ಯಾಕೆ ಬಂತು?”

“ಹಸು ಬಗ್ಗೆ ಫಾರಂನಲ್ಲಿ ಕಾಲಂ ಇಲ್ಲ ಅಜ್ಜಿ.”

ನಿಮ್ಮ ವರದಿಯಲ್ಲಿ ಈಗ ಹೂವು ಬೇಲಿಯ ಯಶಸ್ಸು, ಹಸು ಅತಿಕ್ರಮಣಕಾರಿ. ಎಂಥ ವಿವೇಕ! ಮಾನ್ಯರೇ, ಹೂವು ಹೇಗೆ ಹುಟ್ಟುತ್ತದೆಂದು ನಿಮ್ಮ ಕಚೇರಿಯಲ್ಲಿ ಒಬ್ಬರಿಗಾದರೂ ಗೊತ್ತಿದೆಯೇ? ಗೊತ್ತಿಲ್ಲದಿದ್ದರೆ ಕೇಳಲು ಬಾಯಿ ಇಲ್ಲವೇ?

ಜೆಂಟಿಯನ್ ಎರಡು ವರ್ಷದ ಗಿಡ. ಒಂದು ಬೇಸಿಗೆ ಎಲೆ, ಇನ್ನೊಂದು ಬೇಸಿಗೆ ಹೂವು, ಅಷ್ಟಕ್ಕೆ ಮುಗಿಯಿತು. ಈ ಇಪ್ಪತ್ತಮೂರೂ ಹಿಮ ಬೀಳುವುದರೊಳಗೆ ಸಾಯುತ್ತವೆ. ಅವುಗಳ ಬೀಜಕ್ಕೆ ತುಳಿದ ಮಣ್ಣು ಸಿಗದಿದ್ದರೆ ನಮ್ಮೂರಿನಲ್ಲಿ ಇವೇ ಕೊನೆಯವು.

ಆದ್ದರಿಂದ ಯಶಸ್ಸೆಲ್ಲ ನೀವೇ ಇಟ್ಟುಕೊಳ್ಳಿ, ಬೇಕಿದ್ದರೆ ಬಹುಮಾನವನ್ನೂ ತೆಗೆದುಕೊಳ್ಳಿ. ನನಗೆ ಗೇಟಿನ ಕೀಲಿ ಕೊಡಿ. ಸೆಪ್ಟೆಂಬರ್ ಹದಿನೈದರವರೆಗೆ ಕಾಯುತ್ತೇನೆ. ಅಷ್ಟರೊಳಗೆ ಕೀಲಿ ಬಾರದಿದ್ದರೆ ಮರುದಿನ ಬೆಳಗ್ಗೆ ಹತ್ತಕ್ಕೆ ಬೀಗ ನಾನೇ ಒಡೆದು, ನನ್ನ ಏಳೂ ಹಸುಗಳ ಜೊತೆ ಒಳಗೆ ಹೋಗುತ್ತೇನೆ. ಪೊಲೀಸರನ್ನು ಕರೆತನ್ನಿ. ಅವರಿಗೂ ಗಟ್ಟಿ ಬೂಟುಗಳಿರುತ್ತವೆ, ತುಳಿಯಲಿ.

ಇಂತಿ,
ತಮ್ಮ ಸಂರಕ್ಷಣೆಗೆ ಇನ್ನೂ ಒಳಗಾಗದೆ ಬದುಕಿರುವ
ಸಿಗ್ನೆ ಹಾಲ್‌ಬೆಕ್