ಕತ್ತರಿಸಿದ ಅಂಚು

ಹಾಲೋವೆ ಫೆರಿ, ಅರ್ಕಾನ್ಸಾ
11 ಅಕ್ಟೋಬರ್ 1998

ತಮ್ಮಾ ಲಿಯಾಂಡರ್,

ಜೈಲಿನ ಪೊಲೀಸರು ಮುರಿದ ದವಡೆ ಹೇಗಿದೆ? ಜೋಳದ ಗಂಜಿಯಾದರೂ ಗಂಟಲಲ್ಲಿ ಇಳಿಯುತ್ತಾ?

ಊರಿನ ಸಭೆ ಕೊಟ್ಟಿದ್ದ ಮಾತು ಇಷ್ಟು: ಅಜ್ಜನ ಅಂಗಡಿಯ ಜಾಗ ವಾಪಸ್ಸು, ಅಲ್ಲಿ ಅವನ ಹೆಸರಿನ ಕಲ್ಲು, 1920ರಲ್ಲಿ ಬಿಳಿಯರು ನಮ್ಮ ಕರಿಯರ ಕೇರಿಗೆ ಬೆಂಕಿಯಿಟ್ಟರೆಂಬ ಬರಹ. ಮೂರಕ್ಕೂ ಈಗ ಇಲ್ಲ ಅಂದಿದ್ದಾರೆ. ಬೆಂಕಿಯೇ ಬಿದ್ದಿರಲಿಲ್ಲವಂತೆ.

ನಮ್ಮ ಸಾಕ್ಷಿ ಇದ್ದದ್ದು ಒಂದೇ ನೋಟು. ಅಜ್ಜನನ್ನು ಹೊಸ್ತಿಲಲ್ಲೇ ಗುಂಡಿಟ್ಟು ಕೊಂದು, ಹೆಣದ ಮೇಲೇ ಸೀಮೆಎಣ್ಣೆ ಸುರಿದರು. ಮಾರನೇ ದಿನ ಅಜ್ಜಿ ಬೂದಿ ಕೆದಕಿ ಕಬ್ಬಿಣದ ಪೆಟ್ಟಿಗೆ ಒಡೆದಾಗ ಸಿಕ್ಕ ಇಪ್ಪತ್ತು ಡಾಲರಿನ ನೋಟು ಅದು. ನಾಲ್ಕೂ ಅಂಚು ಕರಕಲು. ತಿಳಿದವರಿಂದ ಗುರುತು ಹಿಡಿಸಿ ತನ್ನಿ ಅಂತ ಸಭೆಯವರೇ ಅಂದರು. ಹಳೇ ನೋಟಿನ ವ್ಯಾಪಾರಿ ಪ್ರೂಯಿಟ್‌ಗೆ ಕೊಟ್ಟೆವು. ಅವನು ಭೂತಗನ್ನಡಿ ಹಿಡಿದು, ಆಗ ತಾನೇ ನೋಟು ಹೊರಡಿಸುತ್ತಿದ್ದ ನಮ್ಮೂರಿನ ಬ್ಯಾಂಕಿನ ಹೆಸರು, ಸರ್ಕಾರ ಅದಕ್ಕೆ ಕೊಟ್ಟ ನಂಬರು, ಮ್ಯಾನೇಜರನ ಶಾಯಿಯ ಸಹಿ ಎಲ್ಲ ನೋಡಿದ. "ಆ ಬ್ಯಾಂಕಿನ ನೋಟು ಇದೊಂದೇ ಕಣಮ್ಮ ನಾನು ಕಂಡಿದ್ದು" ಅಂದ. ವಾರ ಬಿಟ್ಟು ವಾಪಸ್ಸು ಕೊಟ್ಟಾಗ ಸುಟ್ಟ ಅಂಚು ಇರಲಿಲ್ಲ. ನಾಲ್ಕೂ ಕಡೆ ನೇರ ಕತ್ತರಿಸಿ, ತೊಳೆದು, ಒತ್ತಿ ನುಣ್ಣಗೆ ಮಾಡಿದ್ದ. "ಕರಕಲಿದ್ದರೆ ಯಾರು ಕೊಳ್ತಾರೆ? ಕೂಲಿ ಬೇಡ ಬಿಡಿ" ಅಂತ ನಕ್ಕ. ನಾನು ಥ್ಯಾಂಕ್ಸ್ ಹೇಳಲಿ ಅಂತ ಕಾಯುತ್ತಿದ್ದ.

ಸಭೆಯ ವಕೀಲ ಅದನ್ನೆತ್ತಿ ಎಲ್ಲರಿಗೂ ತೋರಿಸಿದ. "ಇಷ್ಟು ಚೊಕ್ಕ ನೋಟು ಯಾವ ಬೆಂಕೀಲಿತ್ತು, ಅಜ್ಜಿ? ಇಸ್ತ್ರಿಪೆಟ್ಟಿಗೇಲಾ?" ಅಂತ ಅವ್ವನನ್ನು ಕೇಳಿದ. ಬೆಂಚುಗಳೆಲ್ಲ ನಕ್ಕವು. ನೀನು ಎದ್ದು ಪ್ರೂಯಿಟ್‌ನ ಅಂಗಡಿಗೇ ಹೋಗಿ ಅವನ ತಲೆ ಮೇಲೆ ಕುರ್ಚಿ ಒಡೆದೆ.

ತಲೆ ಒಡೆದದ್ದು ತಪ್ಪು ಅಂತ ನಾನು ಬರೆಯುವುದಿಲ್ಲ, ತಮ್ಮಾ. ಒಡೆದ ತಲೆ ತಪ್ಪು. ಅವನು ಕಾಗದ ಪ್ರೀತಿಸುವ ಪೆದ್ದ; ಕಾಗದದ ಹಿಂದಿನ ಹೆಣ ಅವನಿಗೆ ಕಾಣಲಿಲ್ಲ. ಕಂಡೂ ನಕ್ಕವರು ಇನ್ನೂ ಕುರ್ಚಿಯಲ್ಲೇ ಕೂತಿದ್ದಾರೆ.

ಅವ್ವ ನಿನ್ನ ತಲೆ ಸವರಿದ್ದಾಳೆ ಅಂದುಕೋ. ಒಳಗೆ ಯಾರಿಗೂ ತಲೆ ತಗ್ಗಿಸಬೇಡ.

ನಿನ್ನ ಅಕ್ಕ,
ಒಡೆಸ್ಸಾ

ಮರೆತೆ: ನೀನು ಪೇಪರಿನಲ್ಲಿ ಓದಿ ತಿಳಿಯಬಾರದು ಅಂತ ಬರೆಯುತ್ತಿದ್ದೇನೆ. ಅವ್ವನ ಬೆನ್ನು ನೀನು ನೋಡಿಲ್ಲ, ಗಂಡುಮಕ್ಕಳಿಗೆ ಅವಳು ತೋರಿಸಿಲ್ಲ. ಬೆಂಕಿಯಿಟ್ಟ ಆ ದಿನ ಎಂಟು ವರ್ಷದವಳ ಮೇಲೆ ಉರಿಯುವ ತೊಲೆ ಬಿದ್ದಿತ್ತು; ಕುತ್ತಿಗೆಯಿಂದ ಸೊಂಟದವರೆಗೆ ಚರ್ಮ ಮುದುಡಿದೆ. ಸಭೆಯ ಎದುರು ಅಂಗಿ ಬಿಚ್ಚುತ್ತಾಳಂತೆ. ಬೇಡವೇ ಅವ್ವ ಅಂತ ನಾನು ಅತ್ತುಬಿಟ್ಟೆ. "ನಾನು ಸಾಕಷ್ಟು ನಾಚಿಕೊಂಡಾಯ್ತು ಕಣೇ. ಇನ್ನು ಅವರು ನಾಚಿಕೊಳ್ಳಲಿ" ಅಂದಳು. ಗುರುವಾರ, ಬೆಳಿಗ್ಗೆ ಹತ್ತು ಗಂಟೆಗೆ.