ಎರಡು ಬೆರಳು ಜಾಗ

ಚೆನ್ನೈ, ೧೭ ಜನವರಿ ೨೦೨೫

ಅಪ್ಪನಿಗೆ ನಮಸ್ಕಾರ.

ಇವತ್ತಿನ ತಪಾಸಣೆಯಲ್ಲಿ ನಮ್ಮ ರೇಸ್ ಕಾರನ್ನು ಒಪ್ಪಲಿಲ್ಲ. ಹೆಲ್ಮೆಟ್ಟಿಗೂ ಮೇಲಿನ ಕಂಬಿಗೂ ನಡುವೆ ಎರಡು ಬೆರಳು ಜಾಗ ಬೇಕು, ನನಗೆ ಒಂದೂ ಇಲ್ಲ. “ಕಾರು ಸರಿಯಾಗೇ ಇದೆ ತಂಬಿ, ನೀನೇ ಉದ್ದ” ಎಂದು ಅಧಿಕಾರಿ ನಕ್ಕರು. ನಾಳೆ ಹತ್ತಕ್ಕೆ ಮತ್ತೆ ನೋಡುತ್ತಾರೆ. ಆಗಲೂ ಆಗದಿದ್ದರೆ ತಂಡದವರು ನನ್ನ ಜಾಗಕ್ಕೆ ನನಗಿಂತ ಗಿಡ್ಡನಾದ ಪ್ರತಾಪನನ್ನು ಕೂರಿಸುತ್ತಾರೆ.

ಪುರಸೈವಾಕ್ಕಂನ ನಮ್ಮ ಸೀಟು ಹೊಲಿಯುವ ಅಂಗಡಿಯಲ್ಲಿ ನೀವು ಸೀಟಿಗೆ ಅಳತೆ ತೆಗೆದಾಗ ನಾನು ಬರಿತಲೆಯಲ್ಲಿ ಕೂತಿದ್ದೆ. ಇಬ್ಬರಿಗೂ ಹೊಳೆಯಲಿಲ್ಲ. ಸೀಟನ್ನು ಇನ್ನಷ್ಟು ಕೆಳಗಿಳಿಸಲು ಆಗುವುದಿಲ್ಲ. ತೆಗೆಯಲು ಉಳಿದಿರುವುದು, ನನ್ನ ಬೆನ್ನಿಗೆ ಪೆಟ್ಟಾದ ಮೇಲೆ ನೀವು ಸೇರಿಸಿದ ಎರಡನೇ ಪದರ ಸ್ಪಂಜು ಮಾತ್ರ. ನಿಮ್ಮ ಕೈ ನಡುಗಲು ಶುರುವಾಗುವ ಮೊದಲು ನೀವು ಹೊಲಿದ ಕೊನೆಯ ಸೀಟು ಇದೆಂದು ನನಗೆ ಗೊತ್ತು.

ಈ ಪತ್ರ ತರುವ ತಂಗಿಯ ಕೈಯಲ್ಲಿ, ಮತ್ತೆ ಹೊಲಿಯಲು ಬಾಗಿದ ಸೂಜಿ, ದಪ್ಪ ದಾರ ಇವತ್ತು ರಾತ್ರಿಯೇ ಕಳಿಸಿ. ಬೆಳಿಗ್ಗೆ ಆರಕ್ಕೆ ಹೊಲಿಗೆ ಬಿಚ್ಚುತ್ತೇನೆ. ಇನ್ನೂ ಕತ್ತರಿ ತಾಗಿಸಿಲ್ಲ.

ನಿಮ್ಮ ಮಗ,
ಸಾತ್ವಿಕ್