ಒಂದೇ ಬಟ್ಟಲು

ಚನ್ನಪಟ್ಟಣ, 1913

ಜನವರಿ 3, ಶುಕ್ರವಾರ

ಮೂರನೇ ಕ್ಲಾಸಿಗೆ ಮಗ್ಗಿ. ಖುರ್ಷಿದಾ ಒಬ್ಬಳೇ ತಪ್ಪಿಲ್ಲದೆ ಒಪ್ಪಿಸಿದಳು. ಉಳಿದವರಿಗೆ ಚೆನ್ನಾಗಿ ಬೈದೆ. ಬೈಯಲಿಕ್ಕಾದರೂ ನನಗೆ ಜನ ಇದ್ದಾರಲ್ಲ.

ಮಧ್ಯಾಹ್ನ ಮಾಗಡಿಯಿಂದ ಅಣ್ಣ ಪರಮಶಿವಯ್ಯ ಬಂದ. ಭಾನುವಾರ ನಾನು ದೀಕ್ಷಾಸ್ನಾನ ಪಡೆದು ಕ್ರೈಸ್ತಳಾಗುವ ಸುದ್ದಿ ಅವನ ಕಿವಿಗೆ ಬಿದ್ದಿದೆ. ಹೊಸ್ತಿಲ ಹೊರಗೇ ನಿಂತ. ನೀರು ಕೊಟ್ಟೆ. ಮುಟ್ಟಲಿಲ್ಲ.

“ಗೌರೀ, ಕತ್ತಲ್ಲಿರೋ ಲಿಂಗ ಇತ್ತ ಕೊಡು. ಇನ್ನು ನಮ್ ಪಾಲ್ಗೆ ನೀನು ಸತ್ತಂಗೆ.”

ಕೊಟ್ಟೆ. ಗಂಡ, ಮಗು ಪ್ಲೇಗಿನಲ್ಲಿ ಹೋಗಿ ಹದಿನೈದು ವರ್ಷ. ಬದುಕಿದ್ದೇನೆಯೇ ಎಂದು ನೋಡಲು ಒಮ್ಮೆಯೂ ಬರಲಿಲ್ಲ. ಸತ್ತೆ ಎಂದು ಹೇಳಲು ಗಾಡಿ ಕಟ್ಟಿಸಿಕೊಂಡು ಬಂದ.

ಜನವರಿ 4, ಬೆಳಗ್ಗೆ

ಪಾದ್ರಿಗಳು ಕೇಳಿದರು — ಬೈಬಲಿನ ಯಾವ ವಾಕ್ಯ ನಿಮ್ಮನ್ನು ಯೇಸುವಿನ ಬಳಿಗೆ ಕರೆತಂದಿತು? ಏನೋ ಒಂದು ಹೇಳಿದೆ. ನಿಜ ಹೇಳಲು ನಾಚಿಕೆ.

ಹೋದ ಶ್ರಾವಣದಲ್ಲಿ ಜ್ವರ ಬಂದು ಮಲಗಿದ್ದೆ. ಸ್ಕೂಲಿನ ಕಸ ಗುಡಿಸುವ ಬೋರಮ್ಮ — ಹೊಲಗೇರಿಯವಳು, ಕ್ರೈಸ್ತಳಾಗಿ ಮೂವತ್ತು ವರ್ಷವಾದವಳು — ನನ್ನ ಕಿಟಕಿಯಾಚೆ ಪೊರಕೆ ಹಿಡಿದೇ ಪ್ರಾರ್ಥನೆ ಮಾಡುತ್ತಿದ್ದಳು. “ಅಪ್ಪಾ ಯೇಸಪ್ಪಾ, ಗೌರಮ್ನೋರ್ಗೆ ಯಾರೂ ಇಲ್ಲ ಕಣಪ್ಪಾ. ಒಸಿ ನಿದ್ದೆನಾದ್ರೂ ಕೊಡು.”

ನನ್ನ ಹೆಸರು ಹಿಡಿದು ಯಾರಾದರೂ ದೇವರನ್ನು ಬೇಡಿ ಎಷ್ಟು ಕಾಲವಾಗಿತ್ತೋ... ಗೋಡೆಗೆ ಮುಖ ಮಾಡಿ ಅತ್ತೆ. ನಿದ್ದೆ ಬಂತು. ಮರುದಿನ ನಾನೇ ಅವಳ ಯೇಸಪ್ಪನನ್ನು ಕರೆದೆ.

ಜನವರಿ 5, ಭಾನುವಾರ

ದೀಕ್ಷಾಸ್ನಾನ ಆಯಿತು. ನೀರು ಕೊರೆಯುತ್ತಿತ್ತು. ಎದೆ ಹಗುರವಾಯಿತು — ಇದು ಸುಳ್ಳಲ್ಲ.

ಆಮೇಲೆ ಪ್ರಭುಭೋಜನ, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದು. ಹೆಂಗಸರೆಲ್ಲ ಚಾಪೆಯ ಮೇಲೆ ಸಾಲಾಗಿ. ದ್ರಾಕ್ಷಾರಸದ ಬಟ್ಟಲು ಒಂದೇ, ಕೈಯಿಂದ ಕೈಗೆ ಹೋಗುತ್ತದೆ. ಹೊಸಬಳೆಂದು ನನ್ನನ್ನು ಮೊದಲು ಕೂರಿಸಿದರು. ಕುಡಿದು ಪಕ್ಕದಲ್ಲಿದ್ದ ಬೋರಮ್ಮನಿಗೆ ಕೊಟ್ಟೆ. ಹೊರಗೆ ಬಂದ ಮೇಲೆ ಕೈ ಹಿಡಿದು ಅಂದಳು: “ಇನ್ನು ನೀವೂ ನಮ್ಮೋರೇಯಾ.”

ಫೆಬ್ರವರಿ 2, ಭಾನುವಾರ

ಈ ತಿಂಗಳ ಪ್ರಭುಭೋಜನಕ್ಕೆ ತಡವಾಗಿ ಹೋದೆ. ಬೋರಮ್ಮ ಮೊದಲ ಜಾಗದಲ್ಲಿದ್ದಳು. ಸರಿದು ಪಕ್ಕದಲ್ಲಿ ಕೂರಿಸಿಕೊಂಡಳು. ಅವಳು ಕುಡಿದ ಬಟ್ಟಲು ನನಗೆ ಬಂತು. ಅಂಚಿನಲ್ಲಿ ಎಲೆ ಅಡಿಕೆಯ ಕೆಂಪು. ತುಟಿಗೆ ತಾಗಿಸದೆ ಕುಡಿದಂತೆ ಮಾಡಿ ಮುಂದಕ್ಕೆ ಕೊಟ್ಟೆ.

ಎಲೆ ಅಡಿಕೆಯಂತೆ! ಸ್ಕೂಲು ನಡೆಸುವ ದೊರೆಸಾನಿಯ ತುಟಿಯದಾಗಿದ್ದರೆ ಕಣ್ಣಿಗೊತ್ತಿಕೊಂಡು ಕುಡಿಯುತ್ತಿದ್ದೆ.

ಫೆಬ್ರವರಿ 3

ವರಾಂಡದಲ್ಲಿ ಬೋರಮ್ಮ, ಪೊರಕೆ ನಿಲ್ಲಿಸದೆ —

“ನೀವು ನೆನ್ನೆ ಕುಡೀನಿಲ್ಲ.”

“ಕುಡಿದೆನಲ್ಲ.”

“ಇಲ್ಲ. ನಾ ನೋಡ್ದೆ. ಹೋಗ್ಲಿ ಬುಡಿ ಅಮ್ಮಾರೆ.”

ಕೋಪ ಮಾಡಿಕೊಂಡಿದ್ದರೆ ತಡೆದುಕೊಳ್ಳಬಹುದಿತ್ತು. ಅಣ್ಣ ನೀರು ಮುಟ್ಟಲಿಲ್ಲವೆಂದು ಅವನಿಗೆ ಹಿಡಿಶಾಪ ಹಾಕಿದವಳು ನಾನು. ಅವನೂ ನಾನೂ ಒಂದೇ ತಾಯಿಯ ಮಕ್ಕಳಲ್ಲವೇ.

ಫೆಬ್ರವರಿ 20

ಬೋರಮ್ಮ ದಿನವೂ ಬರುತ್ತಾಳೆ, ಗುಡಿಸುತ್ತಾಳೆ. ಕಿಟಕಿಯಾಚೆ ಪೊರಕೆಯ ಸದ್ದು ಮಾತ್ರ. ನಾನೇ ಪ್ರಾರ್ಥಿಸುತ್ತೇನೆ. ನನಗಾಗಿ ನಾನೇ ಬೇಡಿಕೊಳ್ಳುವುದು ಒಬ್ಬಳೇ ಉಂಡ ಹಾಗೆ. ನಿದ್ದೆ ಮತ್ತೆ ಇಲ್ಲ.

ಮಾರ್ಚ್ 2, ಭಾನುವಾರ

ನಾನು ಪಕ್ಕದಲ್ಲಿ ಕೂತೊಡನೆ ಬೋರಮ್ಮ ಎದ್ದು ಸಾಲಿನ ಕೊನೆಗೆ ಹೋದಳು. ಎಲ್ಲರಿಗಿಂತ ಹಿಂದೆ. ಪಾದ್ರಿಗಳು ಅವಳ ವಿನಯವನ್ನು ಹೊಗಳಿದರು. ನಾನು ತಲೆ ತಗ್ಗಿಸಿ ಮೊದಲು ಕುಡಿದೆ.

ಮಾರ್ಚ್ 5

ಸ್ಕೂಲು ಬಿಟ್ಟ ಮೇಲೆ ಅವಳ ಮನೆಗೆ ಹೋದೆ. ಕೇರಿಯೆಲ್ಲ ನೋಡಿತು. ಕುಡಿಯಲು ನೀರು ಕೇಳಿದೆ.

“ಬ್ಯಾಡಿ ಅಮ್ಮಾರೆ. ಕೊಟ್ಮೇಲೆ ನೀವು ಕುಡೀದೆ ಹೋದ್ರೆ ನಂಗೆ ತಡ್ಕಳಕಾಗಕಿಲ್ಲ.”

ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದು ಬಂದೆ.

ಏಪ್ರಿಲ್ 6, ಭಾನುವಾರ

ಪ್ರಾರ್ಥನೆ ಶುರುವಾದ ಮೇಲೆ ಹೋಗಿ ಸಾಲಿನ ಕೊನೆಯಲ್ಲಿದ್ದ ಬೋರಮ್ಮನ ಆಚೆ ಕೂತೆ — ಅವಳು ಏಳಲಾಗದ ಹಾಗೆ. ಈಗ ಕೊನೆಯವಳು ನಾನು.

ಬಟ್ಟಲು ಬಂತು. ಕುಡಿದಳು. ನನ್ನ ಮುಖ ನೋಡಿದಳು. ಕೊಡುವ ಮೊದಲು ಸೆರಗಿನ ತುದಿಯಿಂದ ಅಂಚನ್ನು ಒರೆಸಿದಳು. ಸುತ್ತಲೂ, ಎರಡು ಸಲ.

ಒರೆಸಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ತಳದಲ್ಲಿದ್ದ ಒಂದು ಗುಟುಕನ್ನು ಕುಡಿದೆ. ಎಲ್ಲರೂ ಎದ್ದು ಹೋದರು. ಅವಳೂ ಹೋದಳು. ಯೇಸುವೇ, ನಿನಗೆ ಗೊತ್ತು, ನನಗೆ ಹೇಳು — ಅವಳು ಒರೆಸದೆ ಕೊಟ್ಟಿದ್ದರೆ ನಾನು ಕುಡಿಯುತ್ತಿದ್ದೆನೇ?